ಹಳಿ ಹಿಡಕೊಂಡಿದ್ದ ಹತಾರ

ಒಳ್ಳು, ಒನಕಿ, ಬೀಸೂಕಲ್ಲು, ಮರ, ಸಾಣಿಗಿ ಇವುಗಳ ಸುದ್ದಿ ನಾವು ಹೆಣ್ಮಕ್ಕಳು ಸಾಕಷ್ಟು ಮಾತಾಡೀವಿ. ಈ ಸಲ ಮನಿ ಹೊರಗಿನ ಹತಾರದ ಸುದ್ದಿ ಬರೀತೀನಿ, ರೈಲು ಹಳಿ ಮ್ಯಾಲಿನ ಹತಾರದ್ದು. ರೈಲಿಗೂ ನಮಗೂ ಏನ್ ಸಂಬಂಧ ಅನ್ನಬ್ಯಾಡ್ರಿ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೂರೂ ಊರು ಒಂದ ಹಳಿ ಮ್ಯಾಲ ಅದಾವ, ನಮ್ಮ ಹಾವೇರಿ ಯಾಲಕ್ಕಿ ಹಾರದಾಗ ಯಾಲಕ್ಕಿ ಪೋಣಿಸಿದಂಗ. ನಮ್ಮೊಳಗ ಅರ್ಧ ಮಂದಿ ಗಂಡನ ಮನಿಗೆ ಬಂದದ್ದು ಆ ಗಾಡಿಯೊಳಗ, ಬಾಣಂತನಕ್ಕ ತವರಿಗೆ ಹೋದದ್ದೂ ಅದರಾಗ.

ರೈಲಿನ ಇತಿಹಾಸ ಅಂದ ಕೂಡಲೇ ಎಲ್ಲಾರೂ ಉಗಿ ಎಂಜಿನ್ ಸುದ್ದಿ ತಗೀತಾರ, ಇಲ್ಲಾಂದ್ರ ಬ್ರಿಟಿಷರ ಸುದ್ದಿ, ಸ್ಟೇಷನ್ ಕಟ್ಟಡದ ಸುದ್ದಿ. ಹಾವೇರಿ ಸ್ಟೇಷನ್ನಿಗೆ ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರ ಹೆಸರಿಟ್ಟಾರ, ಅದು ಭಾಳ ಛಲೋ ಆತು. (ಅವರ ಹೆಂಡತಿ ಸಿದ್ದಮ್ಮನವರೂ ಸ್ವಾತಂತ್ರ್ಯಕ್ಕ ಹೋರಾಡಿದವರು. ಅವರ ಹೆಸರೂ ಎಲ್ಲೆರೆ ಇಡಬೇಕಿತ್ತು ಅಂತ ನನಗ ಅನಸ್ತೈತಿ.) ಆದ್ರ ಎಂಜಿನ್ನಿಗಿಂತ ಮುಂಚೆ ಹಳಿ ಬೇಕಲ್ರಿ? ಹಳಿ ಒಮ್ಮೆ ಹಾಕಿದ್ರ ಮುಗೀತು ಅಂತ ನಾನೂ ಸಣ್ಣಾಕಿ ಇದ್ದಾಗ ತಿಳಕೊಂಡಿದ್ದೆ. ಹಂಗಲ್ಲ ಅದು. ಮಣ್ಣಿನ ನೆಲ ದಿನಾ ಸಾರಿಸಬೇಕು ನೋಡ್ರಿ, ಒಂದ ವಾರ ಬಿಟ್ರ ಬಿರುಕು ಬಿಡ್ತೈತಿ, ಹಳಿನೂ ಹಂಗ. ನೂರು ವರ್ಷದ ಮ್ಯಾಲ ಅದನ್ನ ದಿನಾ ಹಿಡಕೊಂಡು ನಿಂತದ್ದು ನಮ್ಮ ಊರ ಮಂದಿ ಕೈಯಾಗಿನ ಹಾರಿ, ಬೀಟರ್, ಪಾನಾ, ಸುತ್ತಿಗಿ, ಬುಟ್ಟಿ. ಆ ಹತಾರ ಕಡೀಕ ಉಳದದ್ದು ಎಲ್ಲಿ ಗೊತ್ತೈತೇನು? ಗಾಡಿ ಭಾಳ ಓಡಾಡೂ ದೊಡ್ಡ ಲೈನಿನ್ಯಾಗ ಅಲ್ಲ. ಯಾರೂ ಕೇಳದ ಸಣ್ಣ ಕವಲು ದಾರ್‍ಯಾಗ. ಆ ಮಾತಿಗೆ ಆಮ್ಯಾಲ ಬರ್ತೀನಿ. ಮೊದಲು ಹಳಿ ಬಂದ ಕಥಿ.

1876ರಿಂದ 78ರ ತನಕ ದೊಡ್ಡ ಬರ ಬಿತ್ತು. ಹಳೇ ಮಂದಿ ಧಾತು-ಈಶ್ವರ ಸಂವತ್ಸರದ ಬರ ಅಂತಿದ್ರಲ್ಲ, ಅದ ಇದು. ಧಾರವಾಡ ಜಿಲ್ಲೆ ಅಗದಿ ಹಾಳಾಗಿ ಹೋತು. ಆವಾಗ ನಮ್ಮ ಊರೆಲ್ಲಾ ಧಾರವಾಡ ಜಿಲ್ಲೆಯೊಳಗ ಇದ್ವು, ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಬಂದರಕ್ಕ ಕಾಳು ಬಂದು ಬಿದ್ರೂ ಒಳನಾಡಿಗೆ ಬರೂದು ಹ್ಯಾಂಗ? ಚಕ್ಕಡಿ ಎಳಿಯೂ ಎತ್ತಿಗೇ ಮೇವಿಲ್ಲ, ಎತ್ತ ಸತ್ತ ಮ್ಯಾಲ ಚಕ್ಕಡಿ ಕಟ್ಟವರು ಯಾರು? 1880ರ ಬರಗಾಲ ಆಯೋಗ, ಇಂಥಾ ಸೀಮಿಗೆ ರೈಲು ಹಾಕ್ರಿ ಅಂತ ಹೇಳ್ತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹುಬ್ಬಳ್ಳಿಯೊಳಗ ಅವರ ದೊಡ್ಡ ಕಾರಖಾನಿ ಆತು. ಅದ ದಶಕದಾಗ ಹುಬ್ಬಳ್ಳಿಯಿಂದ ಕುಂದಗೋಳ, ಗುಡಗೇರಿ, ಯಲವಿಗಿ, ಕರಜಗಿ, ಹಾವೇರಿ, ಬ್ಯಾಡಗಿ, ದೇವರಗುಡ್ಡ, ರಾಣೇಬೆನ್ನೂರು ದಾಟಿ ತುಂಗಭದ್ರಾ ಹೊಳಿ ಹಾದು ಹರಿಹರಕ್ಕ ಹಳಿ ಮುಟ್ಟಿತು. 1889ರೊಳಗ ಬೆಂಗಳೂರ ಕಡೆಯಿಂದ ಬಂದ ಮೈಸೂರು ಸೀಮಿ ಹಳಿನೂ ಹರಿಹರದಾಗ ಬಂದು ಕೂಡಿತು.

ಅಂದ್ರ ನಮ್ಮ ಹಳಿ ಹಸಿವಿನ್ಯಾಗ ಹುಟ್ಟಿದ್ದು. ಬರಗಾಲದ ಕಾಮಗಾರಿಗಳೊಳಗ ಮಣ್ಣು ಹೊರಾಕ, ಕಲ್ಲು ಒಡ್ಯಾಕ ಹೆಣ್ಮಕ್ಕಳು, ಹುಡುಗರು ರಾಶಿ ರಾಶಿ ಬರ್ತಿದ್ರು. ಮುಂದ ಹಳಿಗೆ ಏರಿ ಹಾಕೂ ಮುಂದನೂ ತಲಿ ಮ್ಯಾಲ ಸಿಂಬಿ, ಸಿಂಬಿ ಮ್ಯಾಲ ಬುಟ್ಟಿ ಹೊತ್ತ ಹೆಣ್ಮಕ್ಕಳೇ ಇರ್ತಿದ್ರು. ಹಳಿಯ ಮೊದಲನೇ ಹತಾರ ಬುಟ್ಟಿ ಅಂತ ನಾನು ಹೇಳ್ತೀನಿ. ಅದು ಯಾವ ಮ್ಯೂಸಿಯಂದಾಗೂ ಇಲ್ಲ, ಯಾಕಂದ್ರ ಹರಿದ ಬುಟ್ಟಿ ಒಲಿಗೆ ಹೋಗ್ತೈತಿ.

ಆಮ್ಯಾಲ 1908ರಲ್ಲಿ ಕಂಪನಿ ಮದ್ರಾಸ್ ಕಂಪನಿ ಜೋಡಿ ಕೂಡಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆತು, 1944ರಲ್ಲಿ ಸರಕಾರದ ಕೈಗೆ ಬಂತು, 1951ರ ಎಪ್ರಿಲ್ 14ಕ್ಕ ಸದರ್ನ್ ರೈಲ್ವೆ ಆತು, 2003ರಲ್ಲಿ ಹುಬ್ಬಳ್ಳಿಯೊಳಗ ನೈಋತ್ಯ ರೈಲ್ವೆ ಕಚೇರಿ ಸುರುವಾತು. ಹೆಸರು ಇಷ್ಟು ಬದಲಾದ್ರೂ ಕೆಳಗ ಹಳಿ ಮ್ಯಾಲ ಕುಂತು ಖಡಿ ತುಂಬೂ ಮಂದಿ ಕೆಲಸ ಬದಲಾಗಲಿಲ್ಲ.

ನಮ್ಮದು ಮೀಟರ್‌ಗೇಜ್ ಹಳಿ. ಅಂದ್ರ ಎರಡು ಕಂಬಿ ನಡುವ ಬರೋಬ್ಬರಿ ಒಂದು ಮೀಟರ್, 1,000 ಮಿಲಿಮೀಟರ್. ಈಗಿನ ಬ್ರಾಡ್‌ಗೇಜ್ 1,676 ಮಿಲಿಮೀಟರ್. ಹಳೇ ಮೀಟರ್‌ಗೇಜ್ ಕಂಬಿ ಗಜಕ್ಕ 60 ಪೌಂಡ್ ತೂಕದ್ದು ಭಾಳ ಕಡೆ ಇತ್ತು. ಅಂದ್ರ ಮೀಟರಿಗೆ ಹತ್ತಿರ ಹತ್ತಿರ 30 ಕಿಲೋ. 12 ಮೀಟರಿನ ಒಂದು ಕಂಬಿ 360 ಕಿಲೋ ಆತು, ಮೂರೂವರಿ ಕ್ವಿಂಟಲ್ ಮ್ಯಾಲ. ಅದನ್ನ ಮಂದಿ ಇಕ್ಕಳದಿಂದ ಹಿಡದು ಎತ್ತುತ್ತಿದ್ರು. ಹೌದು, ನಾವು ಒಲಿ ಮ್ಯಾಲಿನ ಪಾತೇಲಿ ಹಿಡಿಯೂ ಇಕ್ಕಳದಂಗನ ಇರೂದು, ಖರೆ ಆಳೆತ್ತರದ್ದು. ಒಂದೊಂದು ಇಕ್ಕಳಕ್ಕ ಇಬ್ಬಿಬ್ಬರು, ಒಬ್ಬಾಂವ ಐಲೇಸಾ ಅಂದ ಕೂಡಲೇ ಎಲ್ಲಾರೂ ಒಮ್ಮೆಲೆ. ಒಬ್ಬನ ಕೈ ಜಾರಿದ್ರ ಇನ್ನೊಬ್ಬನ ಕಾಲು.

ನಮ್ಮ ಓಣ್ಯಾಗ ಒಬ್ಬ ಕೀಮ್ಯಾನ್ ಕಾಕಾ ಇದ್ರು, ಮೀಟರ್‌ಗೇಜ್ ಕಾಲದಾಗ ಕೆಲಸಾ ಮಾಡಿ ರಿಟೈರ್ ಆದವರು. ಈಗ ಇಲ್ಲ. ಅವರ ಹೆಂಡತಿಗೆ ನಾನು ಚಿಗವ್ವ ಅಂತಿದ್ದೆ. ಈ ಹತಾರದ ಹೆಸರು ಅರ್ಧ ನಾನು ಕಲ್ತದ್ದು ಕಾಕಾನ ಕಡೆಯಿಂದ, ಅವುಗಳ ಭಾರ ಎಷ್ಟು ಅನ್ನೂದು ಕಲ್ತದ್ದು ಚಿಗವ್ವನ ಕಡೆಯಿಂದ, ಯಾಕಂದ್ರ ರಾತ್ರಿ ಭುಜಕ್ಕ ಎಣ್ಣಿ ಹಚ್ಚಿ ತಿಕ್ಕಾಕಿ ಆಕಿ.

ಎಲ್ಲಾಕಿಂತ ಮುಖ್ಯ ಹತಾರ ಬೀಟರ್. ನೋಡಾಕ ಪಿಕಾಸಿ ಇದ್ದಂಗ, ಒಂದು ತುದಿ ಚೂಪು, ಇನ್ನೊಂದು ತುದಿ ಚಪ್ಪಟಿ. ಚೂಪು ತುದಿಯಿಂದ ಖಡಿ ಸಡ್ಲ ಮಾಡೂದು, ಚಪ್ಪಟಿ ತುದಿಯಿಂದ ಸ್ಲೀಪರ್ ಬುಡಕ್ಕ ಖಡಿ ಬಡದು ಬಡದು ತುರುಕೂದು. ಡಬ್ಬಿಗೆ ಜ್ವಾಳದ ಹಿಟ್ಟು ತುಂಬಿ ನೆಲಕ್ಕ ಕುಟ್ಟಿದ್ರ ಹಿಟ್ಟು ಕೆಳಗ ಕುಂತು ಇನ್ನೂ ಜಾಗಾ ಆಗ್ತೈತಿ ನೋಡ್ರಿ, ಹಂಗ. ಖಡಿ ಹೊಳ್ಯಾಗಿನ ಉರುಟು ಕಲ್ಲು ಆಗಿರಬಾರದು, ಅದು ಉರುಳ್ತೈತಿ. ಒಡದ ಕಲ್ಲು, ಮೂಲಿ ಇರೂವಂಥಾದ್ದ ಬೇಕು, ಒಂದಕ್ಕೊಂದು ಹಲ್ಲು ಕಚ್ಚಿ ಕುಂಡ್ರತೈತಿ. ಗಾಡಿ ಭಾರ ಕಂಬಿಯಿಂದ ಸ್ಲೀಪರಿಗೆ, ಸ್ಲೀಪರಿಂದ ಖಡಿಗೆ, ಖಡಿಯಿಂದ ನೆಲಕ್ಕ ಇಳೀಬೇಕು. ಒಂದು ಸ್ಲೀಪರಿಗೆ ನಾಕು ಮಂದಿ, ಇಬ್ಬಿಬ್ಬರು ಎದುರುಬದರು ಓರಿಯಾಗಿ ನಿಂತು ಒಂದ ತಾಳಕ್ಕ ಬಡೀಬೇಕು. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಮ್ಮಿ ಆದ್ರ ಸ್ಲೀಪರ್ ನಡುವ ಏಳ್ತೈತಿ, ಸರಿಯಾಗಿ ಇಡದ ಒಲಿಗುಂಡಿನ ಮ್ಯಾಲ ಇಟ್ಟ ಗಡಿಗಿ ಅಲಗಾಡಿದಂಗ ಅಲಗಾಡ್ತೈತಿ. ಕಿಲೋಮೀಟರಿಗೆ ಸಾವಿರಕ್ಕೂ ಮಿಕ್ಕಿ ಸ್ಲೀಪರ್. ಹಾವೇರಿಯಿಂದ ರಾಣೇಬೆನ್ನೂರಿಗೆ ಮೂವತ್ತು ಕಿಲೋಮೀಟರ್ ಅಂತ ಹಿಡದ್ರೂ ಮೂವತ್ತು ಸಾವಿರ. ಮಳಿಗಾಲ ಮುಗದ ಮ್ಯಾಲ ಅಷ್ಟೂ ಸ್ಲೀಪರ್ ಒಂದಾದ ಮ್ಯಾಲೊಂದು ಬಿಡಿಸಿ, ಖಡಿ ತುಂಬಿ, ಮುಚ್ಚಬೇಕು. ಒಂದು ತುದಿಯಿಂದ ಇನ್ನೊಂದು ತುದಿಗೆ ಮುಟ್ಟೂದ್ರಾಗ ಮೊದಲನೇ ತುದಿ ಮತ್ತ ಸಡ್ಲ. ಮನಿಗೆಲಸ ಇದ್ದಂಗ ನೋಡ್ರಿ, ಮಾಡಿದ್ದು ಯಾರಿಗೂ ಕಾಣೂದಿಲ್ಲ, ಮಾಡದಿದ್ರ ಎಲ್ಲಾರಿಗೂ ಕಾಣ್ತೈತಿ.

ಅದ್ರಾಗ ನಮ್ಮ ಸೀಮಿ ಎರಿ ಭೂಮಿ. ಕುಂದಗೋಳದಿಂದ ಈ ಕಡೆ ಬರ್ತಾ ಬರ್ತಾ ಹತ್ತಿ, ಜ್ವಾಳ, ಮೆಣಸಿನಕಾಯಿ ಬೆಳಿಯೂ ಕರೀ ಎರಿ ಎಷ್ಟೈತಿ ನೋಡ್ರಿ. ಬೆಳಿಗೆ ಛಲೋ, ಹಳಿಗೆ ಕೆಟ್ಟದ್ದು. ಮಳ್ಯಾಗ ನೀರು ಕುಡದು ಉಬ್ಬತೈತಿ, ಬ್ಯಾಸಗ್ಯಾಗ ಕೈ ಹೋಗೂವಷ್ಟು ಬಿರಿತೈತಿ. ಮ್ಯಾಲ ಹಾಕಿದ ಖಡಿನ್ನ ಮೆಲ್ಲಕ ನುಂಗತೈತಿ. ಹಳಿ ಒಂದು ಕಡೆ ತಗ್ಗು, ಒಂದು ಕಡೆ ಉಬ್ಬು. ಅದಕ್ಕ ಗ್ಯಾಂಗಿನವರ ಕೈಯಾಗ ಇನ್ನೊಂದು ಹತಾರ ಇರ್ತಿತ್ತು, ಗೇಜು ಮತ್ತ ಮಟ್ಟ ಎರಡೂ ನೋಡೂ ಒಂದು ಉದ್ದನ ಕೋಲು, ನಡುವ ನೀರುಗುಳ್ಳಿ ಇರೂವಂಥಾದ್ದು. ಎರಡು ಕಂಬಿ ಮ್ಯಾಲ ಅಡ್ಡ ಇಟ್ರ ಯಾವ ಕಡೆ ತಗ್ಗೈತಿ ಅಂತ ಗುಳ್ಳಿನ ಹೇಳ್ತಿತ್ತು. ಕಾಕಾ ಮಾತ್ರ, ಗುಳ್ಳಿ ನೋಡೂದ್ಯಾಕ, ಗಾಡಿ ಹೋಗೂ ಸಪ್ಪಳ ಕೇಳಿದ್ರ ಗೊತ್ತಾಗ್ತೈತಿ ಅಂತಿದ್ರು.

ಕೀಮ್ಯಾನ್ ಅಂದ್ರ ಕೀಲಿಕೈ ಹಿಡಕೊಂಡಾಂವ ಅಂತ ಓಣ್ಯಾಗಿನ ಹುಡುಗರೆಲ್ಲಾ ತಿಳಕೊಂಡಿದ್ರು. ಸ್ಲೀಪರಿಗೆ ಕಂಬಿ ಬಿಗಿಯಾಗಿ ಹಿಡಿಯೂ ಕಬ್ಬಣದ ಬೆಣಿಗೆ ಕೀ ಅಂತಾರ. ಗಾಡಿ ಹಾದಂಗ ಹಾದಂಗ ಅದು ಸಡ್ಲ ಆಗಿ ಹೊರಗ ಬರ್ತೈತಿ. ಕೀಮ್ಯಾನ್ ದಿನಾ ತನ್ನ ಪಾಲಿನ ಹಳಿ ಪೂರಾ ನಡೀಬೇಕು. ಹೋಗೂ ಮುಂದ ಒಂದು ಕಂಬಿ ನೋಡಕೋತ, ಬರೂ ಮುಂದ ಇನ್ನೊಂದು. ಭುಜದ ಮ್ಯಾಲ ಸುತ್ತಿಗಿ, ಸೊಂಟಕ್ಕ ಪಾನಾ, ಚೀಲದಾಗ ಒಂದು ಕೆಂಪು ಒಂದು ಹಸರು ಬಾವುಟ, ತಗಡಿನ ಡಬ್ಬ್ಯಾಗ ಪಟಾಕಿ. ಕಂಬಿಗೆ ಕಂಬಿ ಕೂಡಿಸೂ ಜಾಗಾದಾಗ ಎರಡು ಪಟ್ಟಿ, ನಾಕು ಬೋಲ್ಟ್. ನಡುವ ಸಣ್ಣ ಸಂದಿ ಬಿಟ್ಟಿರ್ತಾರ, ಬಿಸಲಿಗೆ ಉಕ್ಕು ಉದ್ದ ಆಗ್ತೈತಲ್ಲ ಅದಕ್ಕ. ಗಾಡ್ಯಾಗ ಕುಂತಾಗ ನಾವು ಕೇಳ್ತಿದ್ದ ಟಕಟಕಾ ಸಪ್ಪಳ ಆ ಸಂದೀದು. ವರ್ಷಕ್ಕೊಮ್ಮೆ ಥಂಡಿ ದಿನದಾಗ ಆ ಕೂಡಿಕಿ ಬಿಚ್ಚಿ, ತುಕ್ಕು ಕೆರದು, ಎಣ್ಣಿ ಹಚ್ಚಿ ಮತ್ತ ಬಿಗಿತಿದ್ರು. ಕಾಕಾನ ಅಂಗೀ ಮ್ಯಾಲಿನ ಆ ಕರೀ ಎಣ್ಣಿ ಕಲೆ ಯಾವ ಸಬಕಾರಕ್ಕೂ ಹೋಗಲಿಲ್ಲ. ಚಿಗವ್ವ ಸೀಗೀಕಾಯಿ ಹಾಕಿದ್ಲು, ಬೂದಿ ಹಾಕಿದ್ಲು, ಕಡೀಕ ಆ ಅಂಗೀನ್ನ ಅದ ಕೆಲಸಕ್ಕಂತ ಬ್ಯಾರೆ ಇಟ್ಟಳು.

ಪಟಾಕಿ ಅಂದೆ ನೋಡ್ರಿ, ಅದು ದೀಪಾವಳಿ ಪಟಾಕಿ ಅಲ್ಲ. ಹಳಿ ಕೊಚ್ಚಿ ಹೋಗಿದ್ರ, ಕಂಬಿ ಮುರದಿದ್ರ ಬರೂ ಗಾಡಿನ್ನ ನಿಲ್ಲಸಾಕ ಕಂಬಿ ಮ್ಯಾಲ ಕಟ್ಟೂದು. ಎಂಜಿನ್ ಗಾಲಿ ಮ್ಯಾಲ ಹಾದ ಕೂಡಲೇ ಢಂ ಅಂತೈತಿ, ಡ್ರೈವರ್ ಬ್ರೇಕ್ ಹಾಕ್ತಾನ. ಮೀಟರ್‌ಗೇಜಿನ್ಯಾಗ ಅಪಾಯದ ಜಾಗಾದಿಂದ 400 ಮೀಟರ್ ದೂರಕ್ಕ ಒಂದು, 800 ಮೀಟರ್ ದೂರಕ್ಕ ಹತ್ತತ್ತು ಮೀಟರ್ ಬಿಟ್ಟು ಮೂರು ಇಡಬೇಕು. ಬ್ರಾಡ್‌ಗೇಜಿಗೆ ಅದ 600 ಮತ್ತ 1,200. ಒಂದು ಸಲ ವಿಚಾರ ಮಾಡ್ರಿ. ರಾತ್ರಿ, ಮಳಿ ಸುರೀಲಿಕ್ಕತ್ತೈತಿ, ಹಳ್ಳ ಬಂದು ಏರಿ ಕೊರೀಲಿಕ್ಕತ್ತೈತಿ. ಒಬ್ಬ ಮನಷಾ ಕಂದೀಲು ಹಿಡಕೊಂಡು ಗಾಡಿ ಬರೂ ದಿಕ್ಕಿಗೆ, ಗಾಡಿಗೆ ಎದುರ, 800 ಮೀಟರ್ ಓಡಬೇಕು. ಮಳಿಗಾಲದ ರಾತ್ರಿ ಹಿಂಗ ಹಳಿ ಕಾಯೂ ಡ್ಯೂಟಿ ಇರ್ತಿತ್ತು. ಆಚೆ ಕಡೆಯಿಂದ ಬಂದ ಗಸ್ತಿನವನ ಜೋಡಿ ಪುಸ್ತಕ ಅದಲುಬದಲು ಮಾಡಿಕೊಂಡು ಹಿಂದಕ್ಕ ಬರಬೇಕು. ಪುಸ್ತಕ ಬದಲಾಗಿದ್ರ ಇಬ್ಬರೂ ಪೂರಾ ನಡದಾರ ಅಂತ ಲೆಕ್ಕ. ಆ ರಾತ್ರಿ ಚಿಗವ್ವ ಬಾಗಲಾ ಹಾಕಿದ್ರೂ ಅಗಳಿ ಹಾಕ್ತಿರಲಿಲ್ಲ. ಗಾಡಿ ಹೊತ್ತಿಗೆ ಸರಿಯಾಗಿ ಕೂಗಿದ್ರ ಮಾತ್ರ ಮಗ್ಗಲು ಬದಲಿಸ್ತಿದ್ಲು. ಬೆಳಗಾ ಎದ್ದು ಗಾಡ್ಯಾಗ ಇಳದ ಮಂದಿಗೆ, ರಾತ್ರಿ ಯಾರು ಹಳಿ ನೋಡ್ಯಾರ ಅಂತ ಕೇಳಬೇಕು ಅಂತ ಎಲ್ಲಿ ಹೊಳೀಬೇಕು.

ಇನ್ನ ತಳ್ಳುಗಾಡಿ, ಅಂದ್ರ ಪುಶ್ ಟ್ರಾಲಿ. ನಮ್ಮ ವಯಸ್ಸಿನವರೆಲ್ಲಾ ನೋಡಿರ್ತೀರಿ. ನಾಕು ಕಬ್ಬಣದ ಗಾಲಿ, ಮ್ಯಾಲ ಹಲಗಿ, ಮುಂದ ಬೆಂಚು, ಬೆಂಚಿನ ಮ್ಯಾಲ ಸಾಹೇಬ್ರು, ಸಾಹೇಬ್ರ ಮ್ಯಾಲ ಛತ್ರಿ, ಬದೀಗೆ ಕೆಂಪು ಬಾವುಟ. ಹಿಂದ ಟ್ರಾಲಿಮನ್‌ಗಳು ಬರಗಾಲಾಗ ಕಂಬಿ ಮ್ಯಾಲ ಓಡಕೋತ ನೂಕೂದು. ಕಂಬಿ ಅಗಲ ಎಷ್ಟು, ನಾಕು ಬೆರಳು. ಅದರ ಮ್ಯಾಲ ಬ್ಯಾಸಗಿ ಬಿಸಲಾಗ ಓಡಿ, ಗಾಡಿ ಓಟ ಹಿಡದ ಕೂಡಲೇ ಜಿಗದು ಹತ್ತಿ ಕುಂಡ್ರಬೇಕು, ಓಟ ಇಳದ ಕೂಡಲೇ ಮತ್ತ ಜಿಗೀಬೇಕು. ಎದುರು ಗಾಡಿ ಬಂತಂದ್ರ ಟ್ರಾಲಿನ್ನ ಎತ್ತಿ ಹಳಿ ಹೊರಗ ಇಡಬೇಕು. ಅದಕ್ಕ ಅದು ಎತ್ತಾಕ ಬರೂವಂಗ ಹಗುರ ಇರಬೇಕು, ಸಾಹೇಬ್ರನ್ನ ಹೊರೂವಷ್ಟು ಗಟ್ಟಿನೂ ಇರಬೇಕು. ಹುಡುಗರಿಗೆ ಅದು ಭಾಳ ಮೋಜಿನ ಗಾಡಿ. ನಮಗೂ ಹಂಗ ಅನಸ್ತಿತ್ತು. ಈಗ ನೆನಸಿಕೊಂಡ್ರ ನನ್ನ ಕಣ್ಣು ಆ ಅಂಗಾಲಿನ ಮ್ಯಾಲ ಹೋಗ್ತೈತಿ.

1992ರ ಸುಮಾರು ಸರಕಾರದವರು ಯೂನಿಗೇಜ್ ಯೋಜನಾ ತಂದ್ರು, ದೇಶದಾಗ ಎಲ್ಲಾ ಹಳಿ ಒಂದ ಅಗಲದ್ದು ಆಗಲಿ ಅಂತ. ಆವಾಗ ರೈಲ್ವೆ ಮಂತ್ರಿ ನಮ್ಮ ರಾಜ್ಯದ ಚಳ್ಳಕೆರೆಯ ಸಿ. ಕೆ. ಜಾಫರ್ ಷರೀಫ್. ಆ ದಶಕದಾಗ ಬೆಂಗಳೂರು-ಹುಬ್ಬಳ್ಳಿ ಹಳಿನೂ ಬ್ರಾಡ್‌ಗೇಜ್ ಆತು. ಇದರಿಂದ ನಮಗ ಒಳ್ಳೇದ ಆಗೇತಿ, ಅದರಾಗ ಸಂಶಯ ಇಲ್ಲ. ಗಾಡಿ ಬದಲಿಸೂದು ತಪ್ಪಿತು, ಬ್ಯಾಡಗಿ ಮೆಣಸಿನಕಾಯಿ ಚೀಲ ಒಂದು ವ್ಯಾಗನ್ನಿಂದ ಇನ್ನೊಂದಕ್ಕ ಹಾಕೂ ಕೆಲಸ ತಪ್ಪಿತು. ಆದ್ರ ಹಳಿ ಜೋಡಿ ಹತಾರನೂ ಹೋತು. ಸಿಮೆಂಟ್ ಸ್ಲೀಪರ್ ಬಂತು, ಒಂದೊಂದು ಎರಡೂವರಿ ಕ್ವಿಂಟಲ್ ಮ್ಯಾಲ. ಅದರ ಬುಡಕ್ಕ ಬೀಟರಿಂದ ಬಡದ್ರ ಅದೇನು ಆಗೂದಲ್ಲ, ಅದಕ್ಕ ಟ್ಯಾಂಪಿಂಗ್ ಮಷೀನ್ ಬೇಕು. ಅದು ಹಳದಿ ಬಣ್ಣದ ದೊಡ್ಡ ಗಾಡಿ, ಕಬ್ಬಣದ ಬೆರಳು ಖಡಿಯೊಳಗ ತೂರಿಸಿ ನಡಗಿಸಿ ನಡಗಿಸಿ ತುಂಬತೈತಿ. ಕಂಬಿಗೆ ಕಂಬಿ ಬೆಸುಗಿ ಹಾಕಿದ್ರು, ಟಕಟಕಾ ಸಪ್ಪಳ ಹೋತು. ಹಳೇ ಮೀಟರ್‌ಗೇಜಿನ ಟ್ರಾಲಿ, ಗೇಜುಕೋಲು ಅಗಲ ಹಳಿಗೆ ಹೊಂದೂದಿಲ್ಲ, ಹಂಗಾಗಿ ಅವು ಗುಜರಿ ಆದ್ವು. ಗುಜರಿ ಲೆಕ್ಕ ಕಿಲೋ ಮ್ಯಾಲ. ಅದಕ್ಕ ಎಷ್ಟು ವರ್ಷ ಆಗೇತಿ, ಯಾರ ಕೈಯಾಗ ಇತ್ತು ಅನ್ನೂದು ತಕ್ಕಡಿಗೆ ಗೊತ್ತಾಗೂದಿಲ್ಲ.

ಈಗ ಆ ಕವಲು ದಾರಿ ಮಾತು. ಬೀರೂರಿನಿಂದ ಶಿವಮೊಗ್ಗಕ್ಕ 1899ರಲ್ಲಿ ಹಳಿ ಬಂದಿತ್ತು. ಅಲ್ಲಿಂದ ಮುಂದ ಕುಂಸಿ, ಅರಸಾಳು, ಆನಂದಪುರ, ಸಾಗರ ಜಂಬಗಾರು ದಾಟಿ ತಾಳಗುಪ್ಪಕ್ಕ 1940ರ ಹೊತ್ತಿಗೆ ಮುಟ್ಟಿತು. ನೂರು ಕಿಲೋಮೀಟರಿಗೆ ಸಮೀಪ ಉದ್ದ, ಪೂರಾ ಕಾಡಿನ ನಡುವ. ಕಟ್ಟಿಗಿ, ಅಡಿಕಿ ಸಾಗಸಾಕ, ಜೋಗದ ಕಡೆ ಹೋಗವರಿಗೆ ಅದು ಬೇಕಾಗಿತ್ತು. ಆಮ್ಯಾಲ ರಸ್ತೆ ಸುಧಾರಿಸಿದ್ವು, ಲಾರಿ, ಬಸ್ಸು ಬಂದ್ವು, ಗಾಡಿಗೆ ಮಂದಿ ಕಡಿಮಿ ಆದ್ರು. ಆಚೀಚೆ ಎಲ್ಲಾ ಹಳಿ ಬ್ರಾಡ್‌ಗೇಜ್ ಆದ್ವು, ಶಿವಮೊಗ್ಗದ ತನಕನೂ ಆತು. ಶಿವಮೊಗ್ಗ-ತಾಳಗುಪ್ಪದ ತುಂಡು ಮಾತ್ರ ಮೀಟರ್‌ಗೇಜ್ ಉಳೀತು, ಕೂಡು ಕುಟುಂಬ ಒಡದು ಎಲ್ಲಾರೂ ಊರು ಬಿಟ್ಟ ಮ್ಯಾಲ ಹಳೇ ಮನ್ಯಾಗ ಒಬ್ಬಾಕಿನ ಉಳದ ಮುದುಕಿ ಇದ್ದಂಗ. ಅದರ ಮ್ಯಾಲ ಕಡೀಕ ಓಡಿದ್ದು ರೈಲ್‌ಬಸ್ಸು. ಹೆಸರಿಗೆ ತಕ್ಕಂಗ ಬಸ್ಸಿನ ಆಕಾರ, ಗಾಲಿ ಮಾತ್ರ ರೈಲಿಂದು, ಒಂದ ಡಬ್ಬಿ.

ನಾವು ಮಕ್ಕಳು ಸಣ್ಣವರಿದ್ದಾಗ ರಾಣೇಬೆನ್ನೂರಿನಿಂದ ಶಿಕಾರಿಪುರದ ಮ್ಯಾಲ ಹಾದು ಸಾಗರಕ್ಕ ಹೋಗಿ, ಅಲ್ಲಿಂದ ರೈಲ್‌ಬಸ್ಸಿನ್ಯಾಗ ತಾಳಗುಪ್ಪಕ್ಕ ಹೋಗಿ ಜೋಗ ನೋಡಿದ್ವಿ. ಹುಡುಗರು ಕಿಡಕ್ಯಾಗ ಕಾಡು ನೋಡಿದ್ರ ನಾನು ಹಳಿ ಬದಿ ನೋಡಿದೆ. ನಮ್ಮ ಕಡೆ ಐದಾರು ವರ್ಷದ ಹಿಂದ ಮಾಯ ಆಗಿದ್ದೆಲ್ಲಾ ಅಲ್ಲಿ ಇತ್ತು! ಒಂದು ಕಡೆ ಬಳ್ಳಿ ಹಬ್ಬಿದ ಬಾಜೂ ಹಳಿ ಮ್ಯಾಲ ಸಾಮಾನು ಹೇರೂ ತಳ್ಳುಗಾಡಿ ನಿಂತಿತ್ತು, ಗಾಲಿ ಸುತ್ತ ಹುಲ್ಲು ಬೆಳದು. ಸಣ್ಣ ಟ್ರಾಲಿ ಗ್ವಾಡಿಗೆ ಆನಿಸಿ ಇಟ್ಟಿದ್ರು, ನಾವು ಹೊರಸು ಎತ್ತಿ ನಿಲ್ಲಿಸಿದಂಗ. ಹಳೇ ಸ್ಲೀಪರಿನ ರಾಶಿ. ಮೂರ್ನಾಕು ಮಂದಿ ನೆಳ್ಳಾಗ ಕುಂತು ಬುತ್ತಿ ಬಿಚ್ಚಿದ್ರು, ಬೀಟರ್, ಹಾರಿ, ಸಲಿಕಿ ಮರಕ್ಕ ಆನಿಸಿದ್ರು. ಬೀಟರಿನ ಕಟ್ಟಿಗಿ ಹಿಡಿಕಿ ಕೈ ಆಡಿ ಆಡಿ ಅಗದಿ ನುಣುಪಾಗಿ, ಬೀಸೂಕಲ್ಲಿನ ಗೂಟದಂಗ ಹೊಳೀತಿತ್ತು.

ಇವು ಅಲ್ಲ್ಯಾಕ ಉಳದ್ವು? ಕಾರಣ ಸರಳ ಐತಿ. ದಿನಕ್ಕ ಒಂದೆರಡು ಸಲ ಹೋಗಿಬರೂ ಒಂದು ಡಬ್ಬಿಗೆ ಯಾರು ಕೋಟಿಗಟ್ಲೆ ರೂಪಾಯಿ ಮಷೀನ್ ಕಳಸ್ತಾರ? ಕಳಸಬೇಕಂದ್ರೂ ಅಗಲ ಹಳಿ ಮಷೀನ್ ಸಣ್ಣ ಹಳಿಗೆ ಇಳ್ಯಾಕ ಬರೂದಿಲ್ಲ. ಹಂಗಾಗಿ ಕೈ ಹತಾರನ ಗತಿ. ಹಳೇ ಮಂದಿ ಕೈಯಾಗಿನ ಕಸುಬೂ ಅದರ ಜೋಡಿ ಉಳೀತು. ಅಲ್ಲಿ ಅವರಿಗೆ ಎರಿ ಭೂಮಿ ಕಾಟ ಇಲ್ಲ, ಮಳಿ ಕಾಟ. ಜೂನ್ ಹತ್ತಿದ್ರ ನಾಕು ತಿಂಗಳು ಸುರೀತೈತಿ, ಕಬ್ಬಣ ತುಕ್ಕು ಹಿಡೀತೈತಿ, ಕಟ್ಟಿಗಿ ಕೊಳೀತೈತಿ, ಖಡಿಯೊಳಗ ಗಿಡ ಏಳ್ತೈತಿ. ನಾವು ಅಂಗಳದ ಕಸ ಕಿತ್ತಂಗ ಅವರು ಹಳಿ ಕಸ ಕೀಳಬೇಕು. ಗಾಡಿ ಕಡಿಮಿ ಅಂತ ಕೆಲಸ ಕಡಿಮಿ ಆಗೂದಿಲ್ಲ, ಖರೆ ಅಂದ್ರ ಜಾಸ್ತಿನ ಆಗ್ತೈತಿ. ದಿನಾ ಓಡಾಡೂ ಕಂಬಿ ಹೊಳೀತೈತಿ, ಬಿಟ್ಟ ಕಂಬಿಗೆ ತುಕ್ಕು.

2007ರಲ್ಲಿ ಆ ರೈಲ್‌ಬಸ್ಸೂ ನಿಂತಿತು. ಹಳಿ ಕಿತ್ತು ಬ್ರಾಡ್‌ಗೇಜ್ ಹಾಕಿ, 2011ರ ಹೊತ್ತಿಗೆ ತಾಳಗುಪ್ಪಕ್ಕ ದೊಡ್ಡ ಗಾಡಿ ಹೋತು. ಈಗ ಅಲ್ಲಿಯವರು ಬೆಂಗಳೂರಿಗೆ, ಮೈಸೂರಿಗೆ ನೇರ ಹೋಗ್ತಾರ. ಹಳೇದ ಇರಲಿ ಅಂತ ನಾನು ಹೇಳಿದ್ರ ಸಾಗರದ ಹೆಣ್ಮಕ್ಕಳು ನನಗ ಬೈತಾರ, ಬೈಬೇಕು ಕೂಡ. ಅರಸಾಳು ಸ್ಟೇಷನ್ನಿಂದು ಮಾತ್ರ ದೈವ ಛಲೋ ಇತ್ತು. ಶಂಕರನಾಗ್ ಅವರು ಆರ್. ಕೆ. ನಾರಾಯಣ್ ಅವರ ಕಥಿ ಇಟ್ಟು ಮಾಲ್ಗುಡಿ ಡೇಸ್ ಧಾರಾವಾಹಿ ತಗದಾಗ ಅಲ್ಲಿ ಶೂಟಿಂಗ್ ಆಗಿತ್ತು. ಆ ನೆನಪಿಗೆ ಹಳೇ ಕಟ್ಟಡ ರಿಪೇರಿ ಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡ್ಯಾರ. ಟೀವ್ಯಾಗ ಬಂದದ್ದಕ್ಕ ಅದು ಉಳೀತು. ಟೀವ್ಯಾಗ ಬರದ ಬೀಟರಿಗೆ ಯಾರು ಮ್ಯೂಸಿಯಂ ಮಾಡ್ತಾರ?

ಮೈಸೂರಾಗ 1979ರಿಂದ ರೈಲು ಮ್ಯೂಸಿಯಂ ಐತಿ. ಮಹಾರಾಣಿಯವರ ಸಲೂನ್ ಗಾಡಿ ಐತಿ ಅಲ್ಲಿ, ಅಡಿಗಿಮನಿ, ಬಚ್ಚಲಮನಿ ಎಲ್ಲಾ ಇರೂವಂಥಾದ್ದು, ನೋಡಾಕ ಕಣ್ಣು ಸಾಲೂದಿಲ್ಲ. ರೈಲು ಗಾಲಿ ಹಾಕಿದ ಹಳೇ ಆಸ್ಟಿನ್ ಕಾರೂ ಐತಿ. ಹುಬ್ಬಳ್ಳಿಯೊಳಗ ಗದಗ ರಸ್ತೆ ಕಡೆ 2020ರಲ್ಲಿ ಇನ್ನೊಂದು ಸುರುವಾತು. ಹೋದ್ರ ನನ್ನ ಮಾತು ನೆನಪಿಡ್ರಿ: ಮಕ್ಕಳು ಎಂಜಿನ್ ಮುಂದ ನಿಂತು ಫೋಟೋ ತಗಸಲಿ, ನೀವು ಕೈ ಹತಾರ, ಕಂದೀಲು, ಗಂಟಿ, ಟ್ರಾಲಿ ಎಲ್ಲಿ ಅದಾವ ಅಂತ ಹುಡುಕ್ರಿ. ಹಿಡಿಕಿ ಸವದದ್ದು ನೋಡ್ರಿ. ಯಾವ ಕಡೆ ಸವದೈತಿ ಅನ್ನೂದರ ಮ್ಯಾಲ ಆತ ಬಲಗೈಯಾಂವೋ ಎಡಗೈಯಾಂವೋ ಹೇಳಬಹುದು. ಒಳ್ಳಿನ ಬಾಯಿ ನೋಡಿ ಕುಟ್ಟಿದಾಕಿನ್ನ ಗುರುತು ಹಿಡಿಯೂ ನಮಗ ಇದೇನು ದೊಡ್ಡದಲ್ಲ.

ಗ್ಯಾಂಗ್‌ಮನ್ ಅನ್ನೂ ಹೆಸರೂ ಈಗ ಇಲ್ಲ, ಟ್ರ್ಯಾಕ್ ಮೇಂಟೇನರ್ ಅಂತಾರ. ಅವರೊಳಗ ಹೆಣ್ಮಕ್ಕಳೂ ಅದಾರ. ಗಂಡ ಡ್ಯೂಟಿ ಮ್ಯಾಲ ತೀರಿಕೊಂಡ ಮ್ಯಾಲ ಅನುಕಂಪದ ನೌಕರಿ ಸಿಕ್ಕವರು ಅದಾರ, ಪರೀಕ್ಷೆ ಬರದು ಬಂದ ಹುಡುಗ್ಯಾರೂ ಅದಾರ. ಕಿತ್ತಳಿ ಬಣ್ಣದ ಜಾಕೀಟು ಹಾಕ್ಕೊಂಡು ಹಳಿ ಬದಿ ನಿಂತಿರ್ತಾರ, ಗಾಡ್ಯಾಗ ಕುಂತಾಗ ಕಣ್ಣಿಗೆ ಬಿದ್ರ ಕೈ ಮಾಡ್ರಿ. ಮಷೀನ್ ಎಷ್ಟ ಬಂದ್ರೂ ಹಾರಿ, ಸಲಿಕಿ, ಪಾನಾ ಪೂರಾ ಹೋಗಿಲ್ಲ, ಕಂಬಿ ತೂಕನೂ ಹಗುರ ಆಗಿಲ್ಲ. ಇಂದಿನ ಕಂಬಿ ಮೀಟರಿಗೆ 60 ಕಿಲೋ, ಹಳೇದಕ್ಕಿಂತ ಎರಡು ಪಟ್ಟು. ಹತಾರ ಮಾಡವರು ಗಂಡಸರ ಕೈ ಅಳತಿ ಇಟ್ಟುಕೊಂಡ ಮಾಡ್ಯಾರ. ಆ ಹುಡುಗ್ಯಾರಿಗೆ ಬಚ್ಚಲಕ್ಕ ಹೋಗಾಕ ಹಳಿ ಬದಿ ಜಾಗಾ ಎಲ್ಲೈತಿ ಅನ್ನೂದೂ ಯಾವ ಪುಸ್ತಕದಾಗೂ ಬರದಿಲ್ಲ. ನೂರಾ ನಲವತ್ತು ವರ್ಷದ ಹಿಂದ ಬುಟ್ಟಿ ಹೊತ್ತಾಕಿಗೂ ಅದ ತ್ರಾಸು ಇದ್ದಿರಬೇಕು.

ಈಗ ಶಿವಮೊಗ್ಗ-ಶಿಕಾರಿಪುರ-ರಾಣೇಬೆನ್ನೂರು ಹೊಸ ಹಳಿ ಬರಾಕತ್ತೈತಿ. 2023ರ ಫೆಬ್ರವರಿ 27ಕ್ಕ ಪ್ರಧಾನಿಯವರು ಶಿವಮೊಗ್ಗದಾಗ ಅಡಿಗಲ್ಲು ಹಾಕಿದ್ರು. ಹೊಲ ಕಳಕೊಂಡವರ ಸಂಕಟ ಬ್ಯಾರೆ, ಅದನ್ನ ಇನ್ನೊಮ್ಮೆ ಬರೀತೀನಿ. ಅದು ಆದ್ರ ನಮಗೂ ಸಾಗರ, ತಾಳಗುಪ್ಪ ಹಳಿ ಮ್ಯಾಲಿಂದ ಸನೇ ಆಗ್ತಾವ. ಆ ಹಳಿಗೆ ಸುರುವಿನಿಂದಲೇ ಮಷೀನ್.

ಒಂದು ಮಾತು ಹೇಳೂದು ಉಳೀತು. ಹಳೇ ಕಂಬಿ ತುಂಡು ನಮ್ಮ ಸೀಮ್ಯಾಗ ಎಲ್ಲೆಲ್ಲೋ ಸೇರ್‍ಯಾವ. ಸಾಲ್ಯಾಗ ಗಂಟಿ ಆಗಿ ತೂಗ್ತಾವ, ಕಂಬಾರನ ಅಡಗಲ್ಲು ಆಗ್ಯಾವ, ದನದ ಕೊಟ್ಟಿಗಿ ತೊಲಿ ಆಗ್ಯಾವ, ಗುಡಿ ಕಟ್ಟಿಗೆ ಆಧಾರ ಆಗ್ಯಾವ. ನಿಮ್ಮ ಹತ್ತಿರ ಇದ್ರ ಒಂದು ಸಲ ಇಟ್ಟಂಗಿ ಚೂರಿನಿಂದ ಛಲೋತ್ನಾಗಿ ತಿಕ್ಕಿ, ಅದರ ಸೊಂಟದ ಭಾಗ, ಅಂದ್ರ ಮ್ಯಾಲಿನ ಉಬ್ಬಿಗೂ ಕೆಳಗಿನ ಅಗಲ ಬುಡಕ್ಕೂ ನಡುವಿನ ತೆಳು ಜಾಗಾ ನೋಡ್ರಿ. ಉಕ್ಕು ಬಿಸಿ ಇದ್ದಾಗ ಒತ್ತಿದ ಉಬ್ಬಕ್ಷರ ಇರ್ತಾವ: ಮಾಡಿದ ಕಾರಖಾನಿ ಹೆಸರು, ವರ್ಷ, ತೂಕದ ನಂಬರು. ಕೆಲವು ವಿಲಾಯ್ತಿವು, ಕೆಲವು ನಮ್ಮ ಜಮಶೆಡ್‌ಪುರದ ಟಾಟಾದವರವು. ನಮ್ಮ ಹಿತ್ತಲದಾಗ ಅರಬಿ ಒಣಗಿಸೂ ತಂತಿ ಕಟ್ಟಾಕ ಹುಗದ ಒಂದು ತುಂಡು ಐತಿ, ಮಾವನವರ ಕಾಲದಾಗ ಹರಾಜಿನ್ಯಾಗ ತಂದದ್ದು. ಹೋದ ವಾರ ಕುಂತು ತಿಕ್ಕಿದೆ. 60 ಅನ್ನೂದು ಸ್ವಚ್ಛ ಕಾಣ್ತು, ಅದರ ಮುಂದ ಒಂದು 1, ಒಂದು 9. ಮುಂದಿನ ಎರಡು ಅಂಕಿ ಮಣ್ಣಾಗ ಅದಾವ, ಮಳಿ ಬಿದ್ದು ನೆಲ ಮೆತ್ತಗ ಆದ ಮ್ಯಾಲ ಅಗದು ನೋಡಬೇಕು.